ಚಿತ್ರಕವಿ ಗುರುದತ್ತ ಪಡುಕೋಣೆ

ಚಲಚ್ಚಿತ್ರಪ್ರಿಯರು ನಾಲ್ವರು ಒಂದೆಡೆ ಕಲೆತರೆ ಮಾತು ಮೊದಲು ನಟನಟಿಯರ ಸುತ್ತ ಸುಳಿದು, ಬಳಿಕ ಹಾಡುಗಳಿಗೆ ಹೊರಳಿ, ಕೊನೆಗೆ ನಿರ್ದೇಶಕನ ಬಳಿಗೆ ಬಂದು ನಿಲ್ಲುವುದು ವಾಡಿಕೆ. ತೆರೆಯ ಮೇಲೆ ಕಾಣುವ ಎಲ್ಲದರ ಹಿಂದೆ, ತೆರೆಯ ಮೇಲೆ ಕಾಣಿಸಿಕೊಳ್ಳದ ಒಬ್ಬನ ಮನಸ್ಸು ಕೆಲಸಮಾಡುತ್ತಿರುತ್ತದೆ ಎಂಬ ಸಂಗತಿ ಪ್ರೇಕ್ಷಕನಿಗೆ ಹೊಳೆಯುವುದು ಸ್ವಲ್ಪ ತಡವಾಗಿಯೇ. ಹೊಳೆದ ಮೇಲೆ ಮಾತ್ರ ಒಬ್ಬೊಬ್ಬರಿಗೆ ಒಬ್ಬೊಬ್ಬ ನಿರ್ದೇಶಕನು ಮನೆಯವನಷ್ಟು ಆಪ್ತನಾಗಿಬಿಡುತ್ತಾನೆ.

ಶಾಂತಾರಾಮರ ಸಾಹಸವನ್ನು ಮೆಚ್ಚದವರಾರು? ಆರು ಮಂದಿ ಕೊಲೆಗಡುಕರನ್ನು ಸೆರೆಮನೆಯಿಂದ ಬಯಲಿಗೆ ಕರೆತಂದು ಮನುಷ್ಯರನ್ನಾಗಿ ಮಾಡುವ ಕಥೆಯನ್ನು ‘ದೋ ಆಂಖೇಂ ಬಾರಹ್ ಹಾಥ್’ ಚಿತ್ರದಲ್ಲಿ ಹೇಳಲು ದೊಡ್ಡ ಎದೆಗಾರಿಕೆ ಬೇಕು. ಬಿಮಲ್ ರಾಯರು ‘ದೋ ಬೀಘಾ ಜಮೀನ್’ ಚಿತ್ರದಲ್ಲಿ, ತನ್ನ ಅಂಗೈಯಗಲ ನೆಲವನ್ನು ಉಳಿಸಿಕೊಳ್ಳುವುದಕ್ಕಾಗಿ ಕಲಕತ್ತೆಯ ಬೀದಿಗಳಲ್ಲಿ ರಿಕ್ಷಾ ಎಳೆದ ರೈತನನ್ನು ತೋರಿಸಿದರು. ಅದನ್ನು ಕಂಡು ಕಣ್ಣೊದ್ದೆಯಾಗದವರು ವಿರಳ. ನಮ್ಮ ಪುಟ್ಟಣ್ಣ ಕಣಗಾಲರು ‘ಗೆಜ್ಜೆಪೂಜೆ’, ‘ಶರಪಂಜರ’ಗಳಲ್ಲಿ ಹೆಣ್ಣಿನ ಒಡಲ ಬೇಗೆಯನ್ನು ಕನ್ನಡಿಗರ ಮನೆಮನೆಯ ಮಾತಾಗಿ ಮಾಡಿದರು. ಇವರೆಲ್ಲರಿಗೂ ಕೈಮುಗಿದ ಮೇಲೆಯೂ ನನ್ನ ಮನಸ್ಸು ಮರಳಿ ಮರಳಿ ಹೋಗಿ ನಿಲ್ಲುವುದು ಗುರುದತ್ತರ ಬಾಗಿಲಲ್ಲಿ. ಜನಸಂದಣಿಯು ಯಾರನ್ನು ಕಂಡೂ ಕಾಣದಂತೆ ದಾಟಿಹೋಗುತ್ತದೆಯೋ ಅಂಥವರ ಮುಖದೆದುರು ನಮ್ಮನ್ನು ಕುಳ್ಳಿರಿಸಿ, ಆ ಮುಖದ ಮೇಲೆ ಬೆಳಕು ಬೀಳುವವರೆಗೆ ಕಾಯಿಸಿದ ನಿರ್ದೇಶಕರು ಅವರು. ಅವರ ಬಾಳಿನ ವಿಷಾದವೆಂದರೆ, ಕಡೆಗೆ ಅವರೂ ಅಂಥವರಲ್ಲೊಬ್ಬರಾದುದು.

ಮುಂಬಯಿಯ ಹಿಂದೀ ಚಿತ್ರನಿರ್ದೇಶಕನ ಕಥೆಗೆ ಕಾಸರಗೋಡಿನ ಕನ್ನಡ ಸಂಘದ ಸ್ಮರಣಸಂಚಿಕೆಯಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಅದಕ್ಕೆ ಉತ್ತರ ಅವರ ಹುಟ್ಟಿನಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಅವರ ತಾಯಿಯ ಲೇಖನಿಯಲ್ಲಿಯೂ ಇದೆ.

ಗುರುದತ್ತರು ಹುಟ್ಟಿದುದು ೧೯೨೫ನೆಯ ಇಸವಿ ಜುಲೈ ೯ರಂದು, ಬೆಂಗಳೂರಿನಲ್ಲಿ. ತಂದೆ ಶಿವಶಂಕರ ರಾವ್ ಪಡುಕೋಣೆ, ತಾಯಿ ವಾಸಂತಿ. ಚಿತ್ರಾಪುರ ಸಾರಸ್ವತ ಮನೆತನ. ಕುಂದಾಪುರದ ಕಡೆಯ ಪಡುಕೋಣೆ ಎಂಬ ಊರಿನ ಹೆಸರು ಆ ಮನೆಯವರ ಹೆಸರಿನ ಬೆನ್ನಿಗೆ ಅಂಟಿಕೊಂಡು ಬಂದಿತ್ತು. ಮಗುವಿಗೆ ಮೊದಲು ಇಟ್ಟ ಹೆಸರು ವಸಂತಕುಮಾರ. ಎಳವೆಯಲ್ಲಿ ಒದಗಿದ ಒಂದು ಅಪಘಾತದ ಬಳಿಕ, ಗುರುದತ್ತನೆಂಬ ಹೆಸರು ಶುಭಕರವೆಂದು ಹಿರಿಯರು ಬಗೆದರು. ಆ ಹೆಸರೇ ನಿಂತಿತು. ತಂದೆ ಮೊದಲು ಉಪಾಧ್ಯಾಯರಾಗಿದ್ದವರು. ಸಂಸಾರ ದೊಡ್ಡದು, ವರಮಾನ ಚಿಕ್ಕದು. ಉದ್ಯೋಗವನ್ನರಸುತ್ತ ಮನೆಯೂ ಊರಿಂದೂರಿಗೆ ನಡೆಯಿತು. ಕಡೆಗೆ ಕಲಕತ್ತೆಯ ಭವಾನೀಪುರದಲ್ಲಿ ಬಿಡಾರ ಹೂಡಿತು. ಹುಡುಗನು ಅಲ್ಲಿಯೇ ಬೆಳೆದನು. ಮನೆಯೊಳಗೆ ಕೊಂಕಣಿ, ಬೀದಿಯಲ್ಲಿ ಬಂಗಾಳಿ, ಶಾಲೆಯಲ್ಲಿ ಇಂಗ್ಲಿಷು. ಮುಂದೆ ಹೊಟ್ಟೆಪಾಡಿಗೆ ಹಿಂದಿ. ಮನೆಯ ಮಾತೊಂದು, ಬೀದಿಯ ಮಾತೊಂದು, ಸರಕಾರದ ಮಾತು ಇನ್ನೊಂದಾಗಿರುವ ಬಾಳು ಗಡಿನಾಡಿನವರಾದ ನಮಗೆ ಹೊಸದಲ್ಲ.

ಆ ಮನೆಯಲ್ಲಿ ಕನ್ನಡವನ್ನು ಉಳಿಸಿದವರು ತಾಯಿ. ಚಿಕ್ಕ ವಯಸ್ಸಿನಲ್ಲಿಯೇ ಮದುವೆಯಾಗಿ, ಮಕ್ಕಳ ತಾಯಿಯಾಗಿ, ಬಡತನದೊಡನೆ ಸೆಣಸುತ್ತಲೇ ಓದು ಬರೆಹಗಳನ್ನು ಬಿಡದೆ ಸಾಧಿಸಿದ ಹೆಣ್ಣುಮಗಳು ವಾಸಂತಿ ಪಡುಕೋಣೆಯವರು. ಶಾಲೆಯಲ್ಲಿ ಪಾಠ ಹೇಳಿದರು, ಕಥೆಗಳನ್ನು ಬರೆದರು, ಕಲಕತ್ತೆಯಲ್ಲಿ ಕಲಿತ ಬಂಗಾಳಿಯಿಂದ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಾವ್ಯದ ಮಾತು ಕನ್ನಡವಾಗಿತ್ತಷ್ಟೆ. ನಮ್ಮೂರುಗಳಲ್ಲಿಯೂ ತುಳುವೋ ಕೊಂಕಣಿಯೋ ಮರಾಟಿಯೋ ಹವ್ಯಕವೋ ಮನೆಯ ಮಾತಾಗಿದ್ದು, ಕನ್ನಡವೇ ಅಕ್ಷರದ ಮಾತಾಗಿರುವ ಕುಟುಂಬಗಳು ಎಷ್ಟಿಲ್ಲ? ವಾಸಂತಿಯವರದೂ ಅದೇ ಬಗೆಯ ಮನೆ. ಮುಂದೆ ಮಗನನ್ನು ಕಳೆದುಕೊಂಡ ಮೇಲೆ ಅವರು ಅವನ ಬಾಳಿನ ಕಥೆಯನ್ನು ಬರೆದರು. ಹಿಂದೀ ಚಿತ್ರರಂಗದ ಅಷ್ಟು ದೊಡ್ಡ ನಿರ್ದೇಶಕನ ಕಥೆಯನ್ನು ಹೆತ್ತ ತಾಯಿಯೇ ಬರೆದ ಭಾಷೆ ಹಿಂದಿಯಲ್ಲ, ಇಂಗ್ಲಿಷಲ್ಲ. ‘ನನ್ನ ಮಗ ಗುರುದತ್ತ’ ಎಂಬ ಆ ಪುಸ್ತಕ ಕನ್ನಡದ್ದು. ದುಃಖವನ್ನು ಇಳಿಸುವುದಕ್ಕೆ ಆಕೆಗೆ ಸಿಕ್ಕ ಭಾಷೆ ಅದು.

ಹುಡುಗನು ಮಾತಿನಲ್ಲಿ ಹಿಂದು, ನೋಟದಲ್ಲಿ ಮುಂದು. ಸಂಜೆ ಅಜ್ಜಿ ದೇವರೆದುರು ದೀಪ ಹಚ್ಚಿ ಆರತಿ ಎತ್ತುವ ಹೊತ್ತಿನಲ್ಲಿ, ಇವನು ದೀಪಕ್ಕೂ ಗೋಡೆಗೂ ನಡುವೆ ಕೈಬೆರಳುಗಳನ್ನು ಮಡಿಸಿ ಚಾಚಿ, ಗೋಡೆಯ ಮೇಲೆ ನೆರಳಿನ ಆಕೃತಿಗಳನ್ನು ಆಡಿಸುತ್ತಿದ್ದನಂತೆ. ಆ ಗೋಡೆಯೇ ಅವನ ಮೊದಲ ಬೆಳ್ಳಿತೆರೆ. ಬಂಧುವಾದ ಬಿ. ಬಿ. ಬೆನಗಲ್ ಎಂಬವರು ಕಲಕತ್ತೆಯಲ್ಲಿ ಚಿತ್ರಕಾರರು. ಸಿನೆಮಾ ಜಾಹೀರಾತಿನ ದೊಡ್ಡ ದೊಡ್ಡ ಪಟಗಳನ್ನು ಬರೆಯುವುದು ಅವರ ಕಸಬು. ಅವರು ಬರೆದಿದ್ದ, ಹಾವು ಸುತ್ತಿಕೊಂಡ ಮನುಷ್ಯನೊಬ್ಬನ ಚಿತ್ರವನ್ನು ಕಂಡು ಹುಡುಗನಿಗೆ ಒಂದು ಸರ್ಪನೃತ್ಯ ಹೊಳೆಯಿತು. ಗುರುವಿಲ್ಲದ ವಿದ್ಯೆ, ಆದರೂ ಮೈಯಲ್ಲಿ ಲಯವಿತ್ತು. ಕಾಲೇಜಿನ ಓದಿಗೆ ಮನೆಯಲ್ಲಿ ಹಣವಿರಲಿಲ್ಲ. ಹದಿನೇಳರ ವಯಸ್ಸಿನಲ್ಲಿ, ೧೯೪೨ರಲ್ಲಿ, ಅವನು ಹಿಮಾಲಯದ ತಪ್ಪಲಿನ ಆಲ್ಮೋಡಾದಲ್ಲಿ ಉದಯಶಂಕರರು ನಡೆಸುತ್ತಿದ್ದ ಕಲಾಕೇಂದ್ರವನ್ನು ಸೇರಿದನು.

ಉದಯಶಂಕರರ ಬಳಿ ಕಲಿತುದು ಕುಣಿತವಷ್ಟೇ ಅಲ್ಲ. ಮನುಷ್ಯನ ಮೈ ಮಾತಿಲ್ಲದೆಯೂ ಏನನ್ನು ಹೇಳಬಲ್ಲದು, ರಂಗದ ಮೇಲೆ ಬೆಳಕನ್ನು ಎಲ್ಲಿ ಚೆಲ್ಲಬೇಕು, ಎಲ್ಲಿ ಹಿಡಿದಿಡಬೇಕು, ಹತ್ತಾರು ಜನರನ್ನು ಒಂದು ತಾಳಕ್ಕೆ ಹೇಗೆ ನಡೆಸಬೇಕು ಎಂಬುದೆಲ್ಲ ಅಲ್ಲಿ ಕಣ್ಣಿಗೂ ಕಾಲಿಗೂ ಅಭ್ಯಾಸವಾಯಿತು. ಮಹಾಯುದ್ಧದ ಕಾಲ, ೧೯೪೪ರಲ್ಲಿ ಕೇಂದ್ರವು ಮುಚ್ಚಿತು. ಮನೆಗೆ ಆಸರೆಯಾಗಬೇಕೆಂದು ತರುಣನು ಕಲಕತ್ತೆಯ ಲೀವರ್ ಬ್ರದರ್ಸ್ ಕಾರಖಾನೆಯಲ್ಲಿ ಟೆಲಿಫೋನ್ ನಡೆಸುವ ಕೆಲಸಕ್ಕೆ ಸೇರಿದನು. ಕೆಲಸ ಸಿಕ್ಕಿತೆಂದು ಮನೆಯವರಿಗೆ ತಂತಿ ಕಳುಹಿಸಿದವನು, ಬಹಳ ದಿನ ಕಳೆಯುವ ಮುನ್ನವೇ ಅದನ್ನು ಬಿಟ್ಟನು. ಬೆನಗಲ್ಲರು ಅವನನ್ನು ಪುಣೆಗೆ ಕರೆದೊಯ್ದು ಪ್ರಭಾತ ಫಿಲ್ಮ್ ಕಂಪೆನಿಯಲ್ಲಿ ಮೂರು ವರ್ಷಗಳ ಕರಾರಿನ ಮೇಲೆ ಸೇರಿಸಿದರು.

ಪ್ರಭಾತದಲ್ಲಿ ಸಣ್ಣಪುಟ್ಟ ಪಾತ್ರ, ಸಹಾಯಕ ನಿರ್ದೇಶನ, ನೃತ್ಯಸಂಯೋಜನೆ, ಹೀಗೆ ಹೇಳಿದ ಕೆಲಸವೆಲ್ಲವನ್ನೂ ಗುರುದತ್ತರು ಮಾಡಿದರು. ಅಲ್ಲಿಯೇ ದೇವ ಆನಂದರ ಸ್ನೇಹವಾಯಿತು. ಇಬ್ಬರ ಬಟ್ಟೆಯನ್ನೂ ಒಗೆಯುತ್ತಿದ್ದವನು ಒಬ್ಬನೇ. ಒಬ್ಬರ ಅಂಗಿ ಇನ್ನೊಬ್ಬರಿಗೆ ಹೋಯಿತು. ತನ್ನ ಅಂಗಿಯನ್ನು ಇನ್ನೊಬ್ಬನ ಮೈಮೇಲೆ ಕಂಡು ನಕ್ಕಲ್ಲಿಂದ ಗೆಳೆತನ ಮೊದಲಾಯಿತೆಂಬ ಕಥೆ ಚಿತ್ರರಂಗದಲ್ಲಿ ಪ್ರಸಿದ್ಧವಾಗಿದೆ. ತಾನು ನಿರ್ಮಾಪಕನಾದರೆ ಗುರುದತ್ತನೇ ನಿರ್ದೇಶಕನೆಂದು ಒಬ್ಬರೂ, ತಾನು ನಿರ್ದೇಶಕನಾದರೆ ದೇವ ಆನಂದನೇ ನಾಯಕನೆಂದು ಮತ್ತೊಬ್ಬರೂ ಮಾತು ಕೊಟ್ಟುಕೊಂಡರು. ತರುಣರ ಮಾತು ಸಾಮಾನ್ಯವಾಗಿ ಗಾಳಿಗೆ ಹೋಗುತ್ತದೆ, ಇದು ಹೋಗಲಿಲ್ಲ.

ಆದರೆ ಅದು ಕೈಗೂಡುವ ಮೊದಲು ಕಷ್ಟದ ದಿನಗಳು ಬಂದವು. ೧೯೪೭ರಲ್ಲಿ ಪ್ರಭಾತದ ಕರಾರು ಮುಗಿದು, ಸುಮಾರು ಹತ್ತು ತಿಂಗಳು ಕೆಲಸವಿಲ್ಲದೆ ಮುಂಬಯಿಯ ಮಾಟುಂಗದಲ್ಲಿ ಮನೆಯವರೊಡನೆ ಅವರು ಕಳೆದರು. ದೇಶಕ್ಕೆ ಸ್ವಾತಂತ್ರ್ಯ ಬಂದಿದೆ; ಕಲಿತ ವಿದ್ಯೆ ಕೈಯಲ್ಲಿದೆ; ಬೇಕೆನ್ನುವವರಿಲ್ಲ. ಆಗ ಅವರು ಇಂಗ್ಲಿಷಿನಲ್ಲಿ ಸಣ್ಣ ಕಥೆಗಳನ್ನು ಬರೆದರು. ‘ಕಶ್ಮಕಶ್’, ಎಂದರೆ ತಾಕಲಾಟ ಎಂಬ ಹೆಸರಿನಲ್ಲಿ, ಲೋಕಕ್ಕೆ ಬೇಡವಾದ ಕಲಾವಿದನೊಬ್ಬನ ಕಥೆಯನ್ನೂ ಬರೆದಿಟ್ಟರು. ಇಪ್ಪತ್ತೆರಡರ ಹರೆಯದ ಆ ಕಹಿಯೇ ಹತ್ತು ವರ್ಷ ಪೆಟ್ಟಿಗೆಯಲ್ಲಿದ್ದು ಮಾಗಿ, ‘ಪ್ಯಾಸಾ’ ಎಂಬ ಚಿತ್ರವಾಯಿತು.

ಅಮಿಯ ಚಕ್ರವರ್ತಿ, ಜ್ಞಾನ ಮುಖರ್ಜಿ ಇವರಲ್ಲಿ ಸಹಾಯಕರಾಗಿ ಕೆಲಸಮಾಡಿದ ಮೇಲೆ, ದೇವ ಆನಂದರು ಕೊಟ್ಟ ಮಾತನ್ನು ಉಳಿಸಿಕೊಂಡರು. ನವಕೇತನ ಸಂಸ್ಥೆಗಾಗಿ ಗುರುದತ್ತರು ನಿರ್ದೇಶಿಸಿದ ‘ಬಾಜೀ’ ೧೯೫೧ರಲ್ಲಿ ತೆರೆಗೆ ಬಂದು ಗೆದ್ದಿತು. ಕಥೆಯನ್ನು ಬರೆದವರು ಬಲರಾಜ ಸಾಹನಿ, ಸಂಗೀತ ಎಸ್. ಡಿ. ಬರ್ಮನ್‌ರದು. ಆ ಚಿತ್ರದ ಧ್ವನಿಮುದ್ರಣದ ಕಾಲದಲ್ಲಿ ಗೀತಾ ರಾಯ್ ಎಂಬ ಗಾಯಕಿಯ ಪರಿಚಯವಾಗಿ, ೧೯೫೩ರ ಮೇ ೨೬ರಂದು ಮದುವೆಯಾಯಿತು. ತರುಣ, ಅರುಣ, ನೀನಾ ಎಂದು ಮೂವರು ಮಕ್ಕಳು. ನಲಿವನ್ನೂ ನೋವನ್ನೂ ಒಂದೇ ಉಸಿರಿನಲ್ಲಿ ಹಾಡಬಲ್ಲ ಆ ಕಂಠವು ಗುರುದತ್ತರ ಚಿತ್ರಗಳಿಗೆ ಉಸಿರಾಯಿತು.

‘ಬಾಜೀ’ಯಿಂದ ಅವರಿಗೆ ದೊರೆತ ಇನ್ನೊಂದು ಸಂಪತ್ತು ಮೈಸೂರಿನ ವಿ. ಕೆ. ಮೂರ್ತಿಗಳು. ೧೯೨೩ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಕಲಿತು, ಪಿಟೀಲನ್ನೂ ಬಲ್ಲವರಾಗಿದ್ದ ಮೂರ್ತಿಗಳು ಆ ಚಿತ್ರದಲ್ಲಿ ಸಹಾಯಕ ಛಾಯಾಗ್ರಾಹಕರು. ಕಷ್ಟವಾದ ಒಂದು ದೃಶ್ಯವನ್ನು ಚಿತ್ರಿಸುವ ಅವಕಾಶ ಅಂದು ಅವರಿಗೆ ಒದಗಿತು. ಅವರು ಅದನ್ನು ನಿರ್ವಹಿಸಿದ ಬಗೆಯನ್ನು ಕಂಡ ಗುರುದತ್ತರು, ಮುಂದಿನ ಚಿತ್ರದಿಂದ ಛಾಯಾಗ್ರಹಣ ನಿಮ್ಮದೇ ಎಂದು ಅಂದೇ ಗೊತ್ತುಮಾಡಿದರು. ೧೯೫೨ರ ‘ಜಾಲ್’ನಿಂದ ಮೊದಲಾದ ಆ ಜೊತೆ ಕಡೆಯವರೆಗೂ ಬಾಳಿತು. ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬರು, ಮೈಸೂರಿನಲ್ಲಿ ಹುಟ್ಟಿದ ಇನ್ನೊಬ್ಬರು, ಊರು ಬಿಟ್ಟು ಮುಂಬಯಿಯಲ್ಲಿ ಕೂಡಿ ಭಾರತದ ಚಿತ್ರಕಲೆಗೆ ಬೆಳಕು ನೆರಳುಗಳ ಹೊಸ ವ್ಯಾಕರಣವನ್ನು ಬರೆದರು ಎಂಬುದು ಕನ್ನಡಿಗರು ಮರೆಯಬಾರದ ಮಾತು.

‘ಜಾಲ್’ ಚಿತ್ರದ ಕಥೆ ಗೋವೆಯ ಕಡಲತೀರದ ಮೀನುಗಾರ ಕ್ರೈಸ್ತರದು. ಅನಂತರದ ‘ಬಾಜ್’ನಲ್ಲಿ ಗುರುದತ್ತರೇ ನಾಯಕರಾದರು, ಅದು ಸೋತಿತು. ಆದರೆ ೧೯೫೪ರ ‘ಆರ್ ಪಾರ್’, ೧೯೫೫ರ ‘ಮಿಸ್ಟರ್ ಅಂಡ್ ಮಿಸೆಸ್ ೫೫’ ಚಿತ್ರಗಳು ಅವರನ್ನು ಮನೆಮಾತಾಗಿಸಿದವು. ಒಂದರಲ್ಲಿ ನಾಯಕನು ಟ್ಯಾಕ್ಸಿ ಓಡಿಸುವವನು; ಇನ್ನೊಂದರಲ್ಲಿ ಕೆಲಸವಿಲ್ಲದ ವ್ಯಂಗ್ಯಚಿತ್ರಕಾರ. ಆ ವ್ಯಂಗ್ಯಚಿತ್ರಕಾರನ ಹೆಸರಿನಲ್ಲಿ ತೆರೆಯ ಮೇಲೆ ಕಾಣುವ ಚಿತ್ರಗಳನ್ನು ಬರೆದುಕೊಟ್ಟವರು ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣರು. ಹಗುರವಾದ ಹಾಸ್ಯಚಿತ್ರಗಳೆಂದು ಪಂಡಿತರು ಇವನ್ನು ಬದಿಗಿಡಬಹುದು. ಆದರೆ ಚಿತ್ರಪ್ರಿಯನಿಗೆ ಗುರುದತ್ತರ ವಿಶೇಷ ಮೊದಲು ತಿಳಿಯುವುದು ಇಲ್ಲಿಯೇ.

ಆ ವಿಶೇಷಗಳಲ್ಲಿ ಒಂದು, ಮಾತು. ‘ಆರ್ ಪಾರ್’ನಿಂದ ಸಂಭಾಷಣೆಯನ್ನು ಬರೆದ ಅಬ್ರಾರ್ ಅಲ್ವಿಯವರು ನಾಟಕದ ಭಾರವಾದ ಮಾತನ್ನು ಕಿತ್ತೊಗೆದು, ಯಾವ ಊರಿನ ಯಾವ ಕಸಬಿನವನೋ ಅವನಾಡುವ ಮಾತನ್ನೇ ಅವನ ಬಾಯಲ್ಲಿಟ್ಟರು. ಎರಡನೆಯದು, ಹಾಡು. ಬೇರೆ ಚಿತ್ರಗಳಲ್ಲಿ ಹಾಡು ಬಂತೆಂದರೆ ಕಥೆ ನಿಲ್ಲುವುದು. ಇವರ ಚಿತ್ರಗಳಲ್ಲಿ ಹಾಡು ಬಂತೆಂದರೆ ಕಥೆ ಮುಂದೆ ಸಾಗುವುದು. ಎಷ್ಟೋ ವೇಳೆ ವಾದ್ಯಗಳ ಪೀಠಿಕೆಯೂ ಇಲ್ಲದೆ ಮಾತು ಹಾಗೆಯೇ ಹಾಡಾಗಿ ಹರಿಯುತ್ತದೆ. ಮೂರನೆಯದು, ಮುಖ. ಕ್ಯಾಮೆರಾವು ಮೆಲ್ಲನೆ ಹತ್ತಿರ ಸರಿದು ಕಣ್ಣುಗಳಲ್ಲಿ ನಿಲ್ಲುತ್ತದೆ. ಬಾಯಿ ಹೇಳದ ಮಾತನ್ನು ಕಣ್ಣು ಹೇಳುತ್ತದೆ. ನಾಲ್ಕನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದುದು: ಅವರ ಚಿತ್ರದಲ್ಲಿ ಅಮುಖ್ಯನಾದ ಮನುಷ್ಯನೇ ಇಲ್ಲ. ತಲೆಗೆ ಎಣ್ಣೆ ತಿಕ್ಕುವವನಿಗೂ ಒಂದು ಹಾಡುಂಟು, ಒಂದು ಮರ್ಯಾದೆಯುಂಟು. ಮುಂಬಯಿಯ ಬಸ್ಸಿನಲ್ಲಿ ಕಂಡಕ್ಟರನಾಗಿದ್ದ ಬದ್ರುದ್ದೀನ್ ಕಾಜಿ ಎಂಬ ನಗೆಗಾರನಿಗೆ ಜಾನಿ ವಾಕರ್ ಎಂದು ಹೆಸರಿಟ್ಟು ಚಿತ್ರರಂಗದಲ್ಲಿ ನಿಲ್ಲಿಸಿದವರೂ ಗುರುದತ್ತರೇ. ತೆಲುಗು ಚಿತ್ರವೊಂದರಲ್ಲಿ ಕುಣಿದಿದ್ದ ವಹೀದಾ ರೆಹಮಾನರನ್ನು ಗುರುತಿಸಿ ಮುಂಬಯಿಗೆ ಕರೆತಂದು, ೧೯೫೬ರ ‘ಸಿ. ಐ. ಡಿ.’ ಚಿತ್ರದಲ್ಲಿ ಪಾತ್ರವಿತ್ತವರೂ ಅವರೇ. ಪ್ರಖ್ಯಾತರನ್ನು ಇನ್ನಷ್ಟು ಪ್ರಖ್ಯಾತರಾಗಿಸುವುದು ಸುಲಭ. ಯಾರೂ ಕಾಣದಲ್ಲಿ ಗುಣವನ್ನು ಕಾಣುವುದು ಕಷ್ಟ.

೧೯೫೬ರ ನವೆಂಬರ ೧ರಂದು ರಾಜ್ಯಗಳ ಮರುವಿಂಗಡಣೆಯಾಗಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದುದನ್ನು ಈ ಸಂಚಿಕೆಯ ವಾಚಕರಿಗೆ ನೆನಪಿಸಬೇಕಾಗಿಲ್ಲ. ಅದಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, ೧೯೫೭ರ ಫೆಬ್ರವರಿಯಲ್ಲಿ, ‘ಪ್ಯಾಸಾ’ ತೆರೆಗೆ ಬಂದಿತು. ವಿಜಯ ಎಂಬ ಕವಿಯೊಬ್ಬನು ಕಲಕತ್ತೆಯಲ್ಲಿ ಅಲೆಯುತ್ತಾನೆ. ಪ್ರಕಾಶಕರು ಅವನ ಕವಿತೆಗಳನ್ನು ತಿರಸ್ಕರಿಸುತ್ತಾರೆ. ಒಡಹುಟ್ಟಿದ ಅಣ್ಣಂದಿರು ಅವನ ಬರೆಹಗಳನ್ನು ರದ್ದಿಗೆ ಮಾರುತ್ತಾರೆ. ಪ್ರೀತಿಸಿದವಳು ಸಿರಿವಂತನ ಕೈಹಿಡಿದಿದ್ದಾಳೆ. ರದ್ದಿಯವನಿಂದ ಆ ಹಾಳೆಗಳನ್ನು ಕೊಂಡು ಎದೆಗವಚಿಕೊಂಡವಳು ಗುಲಾಬೋ ಎಂಬ ಬೀದಿಯ ಹೆಣ್ಣು. ಕವಿಯು ತನ್ನ ಕೋಟನ್ನು ಭಿಕ್ಷುಕನಿಗೆ ಕೊಡುತ್ತಾನೆ. ಆ ಭಿಕ್ಷುಕನು ರೈಲಿಗೆ ಸಿಲುಕಿ ಸಾಯಲು, ಸತ್ತವನು ಕವಿಯೇ ಎಂದು ಲೋಕವು ನಂಬುತ್ತದೆ. ಆಗ ನೋಡಿ, ಲೋಕಕ್ಕೆ ಬಂದ ಭಕ್ತಿ! ಪುಸ್ತಕ ಅಚ್ಚಾಗುತ್ತದೆ, ಮಾರಾಟವಾಗುತ್ತದೆ. ತಿರಸ್ಕರಿಸಿದ್ದ ಪ್ರಕಾಶಕನು ಹಣ ಎಣಿಸುತ್ತಾನೆ. ಬದುಕಿ ಬಂದ ಕವಿಯನ್ನು ಮಾತ್ರ ಒಡಹುಟ್ಟಿದವರೂ ಗುರುತಿಸಲು ಒಪ್ಪುವುದಿಲ್ಲ. ಕಡೆಗೆ ಅವನ ಸ್ಮಾರಕಸಭೆ. ಭವನವು ಕಿಕ್ಕಿರಿದು ತುಂಬಿದೆ. ವೇದಿಕೆಯ ಮೇಲೆ ಭಾಷಣ ನಡೆದಿದೆ. ಹಿಂದಿನ ಬಾಗಿಲಲ್ಲಿ, ಬೆನ್ನ ಹಿಂದಿನಿಂದ ಬೆಳಕು ಸುರಿಯುತ್ತಿರಲು, ಎರಡೂ ತೋಳುಗಳನ್ನು ಬಾಗಿಲಿಗೆ ಚಾಚಿ ಅದೇ ಕವಿಯು ನಿಂತಿದ್ದಾನೆ. ಮುಖ ಕತ್ತಲಲ್ಲಿದೆ. ತನ್ನ ಸ್ಮಾರಕಸಭೆಗೆ ತಾನೇ ಬಂದವನು ಅವನು.

ಈ ದೃಶ್ಯವನ್ನು ಎಷ್ಟು ಸಲ ಕಂಡರೂ ನನ್ನ ಮೈ ಜುಮ್ಮೆನ್ನುತ್ತದೆ. ಅಜ್ಜಿಯ ದೀಪದೆದುರು ಬೆರಳಾಡಿಸಿದ ಹುಡುಗನು, ಇಲ್ಲಿ ಮನುಷ್ಯನನ್ನೇ ನೆರಳಾಗಿ ನಿಲ್ಲಿಸಿ ಅವನ ಹಿಂದೆ ದೀಪವನ್ನಿಟ್ಟಿದ್ದಾನೆ. ಬಾಲ್ಯದ ಕಲಕತ್ತೆ ಬೇರೊಂದು ಬಗೆಯಲ್ಲಿಯೂ ಈ ಚಿತ್ರದಲ್ಲಿ ಮರಳಿ ಬಂದಿದೆ: ಬೀದಿಯಲ್ಲಿ ಕೇಳಿಬರುವ ಬಂಗಾಳದ ಕೀರ್ತನೆಯ ಧಾಟಿಯ ಹಾಡೊಂದನ್ನು ಗೀತಾರವರು ಹಾಡಿದ್ದಾರೆ, ಅದನ್ನು ಕೇಳುತ್ತ ಗುಲಾಬೋ ಕವಿಯ ಹಿಂದೆ ಮೆಟ್ಟಿಲೇರುವಳು, ಅವನಿಗೆ ಅದು ಗೊತ್ತೇ ಆಗದು. ಸಾಹಿರ್ ಲುಧಿಯಾನ್ವಿಯವರ ಕವಿತೆ, ಬರ್ಮನ್‌ರ ಸಂಗೀತ, ಮೂರ್ತಿಗಳ ಬೆಳಕು, ಗುರುದತ್ತರ ದೃಷ್ಟಿ ನಾಲ್ಕೂ ಒಂದಾದ ಆ ಚಿತ್ರವನ್ನು ಜನರು ಮೆಚ್ಚಿದರು. ಇಂಥ ವಿಷಾದದ ಚಿತ್ರವೂ ಹಣ ತಂದಿತು. ೨೦೦೫ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆಯು ಜಗತ್ತಿನ ನೂರು ಶ್ರೇಷ್ಠ ಚಿತ್ರಗಳ ಪಟ್ಟಿಯನ್ನು ಮಾಡಿದಾಗ ‘ಪ್ಯಾಸಾ’ ಅದರಲ್ಲಿ ಸೇರಿತ್ತು.

ಗೆದ್ದವನು ಗೆಲವಿನ ದಾರಿಯಲ್ಲಿಯೇ ನಡೆಯುವುದು ಲೋಕರೂಢಿ. ಗುರುದತ್ತರು ಇನ್ನೂ ಆಳಕ್ಕಿಳಿದರು. ೧೯೫೯ರಲ್ಲಿ ಬಂದ ‘ಕಾಗಜ್ ಕೇ ಫೂಲ್’, ಎಂದರೆ ಕಾಗದದ ಹೂಗಳು, ಒಬ್ಬ ಚಿತ್ರನಿರ್ದೇಶಕನ ಕಥೆ. ಒಂದು ಕಾಲಕ್ಕೆ ಮೆರೆದವನು; ಸಂಸಾರ ಒಡೆಯುತ್ತದೆ, ಮಗಳು ದೂರವಾಗುತ್ತಾಳೆ, ಚಿತ್ರಗಳು ಸೋಲುತ್ತವೆ; ತಾನೇ ಬೆಳಕಿಗೆ ತಂದ ನಟಿ ಮೇಲೇರುತ್ತಾಳೆ, ತಾನು ಇಳಿಯುತ್ತಾನೆ. ಮುದುಕನಾಗಿ, ಯಾರಿಗೂ ಗುರುತು ಸಿಗದವನಾಗಿ, ಬರಿದಾದ ಸ್ಟುಡಿಯೋದಲ್ಲಿ ನಿರ್ದೇಶಕನ ಕುರ್ಚಿಯ ಮೇಲೆಯೇ ಕಣ್ಣುಮುಚ್ಚುತ್ತಾನೆ. ಭಾರತದಲ್ಲಿ ಅಗಲ ತೆರೆಯ ಸಿನೆಮಾಸ್ಕೋಪ್ ಪದ್ಧತಿಯಲ್ಲಿ ತಯಾರಾದ ಮೊದಲ ಚಿತ್ರ ಅದು. ಅದರಲ್ಲಿ ಗೀತಾರವರ ಕಂಠದಲ್ಲಿ ಬರುವ ಒಂದು ಹಾಡಿನ ವೇಳೆ, ಕತ್ತಲಾದ ಸ್ಟುಡಿಯೋದ ಮೇಲಿಂದ ಒಂದೇ ಒಂದು ಬೆಳಕಿನ ಕಂಬ ನೆಲಕ್ಕಿಳಿಯುತ್ತದೆ. ಧೂಳಿನ ಕಣಗಳು ಅದರಲ್ಲಿ ತೇಲುತ್ತವೆ. ಆಚೆಗೊಬ್ಬರು ಈಚೆಗೊಬ್ಬರು ನಿಂತಿದ್ದಾರೆ. ಅದು ವಿದ್ಯುದ್ದೀಪದ ಬೆಳಕಲ್ಲ. ಮೂರ್ತಿಗಳು ಹೊರಗೆ ಬಿಸಿಲಿನಲ್ಲಿ ದೊಡ್ಡ ಕನ್ನಡಿಯೊಂದನ್ನು ನಿಲ್ಲಿಸಿ, ಅದರ ಪ್ರತಿಫಲನವನ್ನು ಒಳಗಿನ ಇನ್ನೊಂದು ಕನ್ನಡಿಯ ಮೇಲೆ ಹಾಯಿಸಿ, ಸಾಕ್ಷಾತ್ ಸೂರ್ಯನನ್ನೇ ಒಳಕ್ಕೆ ಕರೆತಂದಿದ್ದರು.

ಇಷ್ಟು ಚೆಲುವಾದ ಚಿತ್ರವನ್ನು ಪ್ರೇಕ್ಷಕರು ಒಪ್ಪಲಿಲ್ಲ. ಚಿತ್ರಮಂದಿರಗಳು ಬರಿದಾದವು, ಹಾಕಿದ ಹಣ ಮುಳುಗಿತು. ಹಣ ಹೋದರೆ ಬರುತ್ತದೆ. ಮರುವರ್ಷವೇ ಅವರ ಸಂಸ್ಥೆಯ ‘ಚೌದವೀಂ ಕಾ ಚಾಂದ್’ ಚೆನ್ನಾಗಿ ಗೆದ್ದು ನಷ್ಟವನ್ನು ತುಂಬಿತು. ಆದರೆ ಎದೆಗೆ ಬಿದ್ದ ಪೆಟ್ಟು ಮಾಯಲಿಲ್ಲ. ಆ ಸೋಲಿನ ಬಳಿಕ ಯಾವ ಚಿತ್ರಕ್ಕೂ ಅವರು ನಿರ್ದೇಶಕನೆಂದು ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. ‘ಚೌದವೀಂ ಕಾ ಚಾಂದ್’ ಎಂ. ಸಾದಿಕ್‌ರ ಹೆಸರಿನಲ್ಲಿ ಬಂದಿತು. ಬಿಮಲ್ ಮಿತ್ರರ ಬಂಗಾಳೀ ಕಾದಂಬರಿಯನ್ನು ಆಧರಿಸಿದ ‘ಸಾಹಿಬ್ ಬೀಬೀ ಔರ್ ಗುಲಾಮ್’ ೧೯೬೨ರಲ್ಲಿ ಅಬ್ರಾರ್ ಅಲ್ವಿಯವರ ಹೆಸರಿನಲ್ಲಿ ಬಂದಿತು. ಕುಸಿಯುತ್ತಿರುವ ಜಮೀನುದಾರರ ಮನೆ, ಗಂಡನ ಅಲಕ್ಷ್ಯದಲ್ಲಿ ಕುಡಿತಕ್ಕೆ ಬಿದ್ದ ಸೊಸೆಯಾಗಿ ಮೀನಾಕುಮಾರಿಯವರ ಅಭಿನಯ, ಅದನ್ನೆಲ್ಲ ಬೆರಗುಗಣ್ಣಿನಿಂದ ನೋಡುವ ಹಳ್ಳಿಯ ತರುಣನಾಗಿ ಗುರುದತ್ತರು; ಆ ಚಿತ್ರಕ್ಕೆ ರಾಷ್ಟ್ರಪತಿಗಳ ಬೆಳ್ಳಿಯ ಪದಕ ದೊರೆಯಿತು. ಆದರೂ ಅವರು ಮರಳಿ ತಮ್ಮ ಹೆಸರನ್ನು ಬರೆಯಲಿಲ್ಲ. ನೂರು ಗೆಲವುಗಳ ನಡುವೆ ಒಂದು ತಿರಸ್ಕಾರವನ್ನು ಜೀರ್ಣಿಸಿಕೊಳ್ಳಲಾರದ ಮನಸ್ಸು ಅದು. ದೋಷವೆನ್ನಿ, ಸೂಕ್ಷ್ಮತೆಯೆನ್ನಿ, ಆ ಮನಸ್ಸಿಲ್ಲದೆ ಆ ಚಿತ್ರಗಳೂ ಇರುತ್ತಿರಲಿಲ್ಲ.

ಮನೆಯಲ್ಲಿಯೂ ನೆಮ್ಮದಿಯಿರಲಿಲ್ಲ. ಗಂಡಹೆಂಡಿರ ನಡುವೆ ಬಿರುಕು ಬಿಟ್ಟು ಬೇರೆಬೇರೆ ಇರುವಂತಾಯಿತು. ನಿದ್ರೆ ದೂರವಾಯಿತು, ಕುಡಿತ ಹತ್ತಿರವಾಯಿತು. ಪ್ರಾರಂಭಿಸಿದ ಚಿತ್ರಗಳನ್ನು ಅರ್ಧಕ್ಕೆ ಬಿಡುವುದು ಹೆಚ್ಚಿತು. ೧೯೬೪ರ ಅಕ್ಟೋಬರ ೧೦ರಂದು ಮುಂಬಯಿಯಲ್ಲಿ ತಾವು ಒಬ್ಬರೇ ಇದ್ದ ಮನೆಯಲ್ಲಿ ಗುರುದತ್ತರು ಮಲಗಿದವರು ಏಳಲಿಲ್ಲ. ವಯಸ್ಸು ಮೂವತ್ತೊಂಬತ್ತು. ತಾಯಿ ಬದುಕಿದ್ದರು. ಎಂಟು ವರ್ಷಗಳ ಬಳಿಕ, ೧೯೭೨ರ ಜುಲೈಯಲ್ಲಿ, ಗೀತಾರವರೂ ಹೋದರು. ಅವರು ತೀರಿಕೊಂಡಾಗ ಅವರಿಗೂ ಐವತ್ತು ತುಂಬಿರಲಿಲ್ಲ.

ಮುಂದಿನ ಕಥೆಯನ್ನು ಗುರುದತ್ತರು ‘ಪ್ಯಾಸಾ’ದಲ್ಲಿ ಮೊದಲೇ ತೋರಿಸಿಟ್ಟಿದ್ದರು. ೧೯೮೦ರ ದಶಕದಲ್ಲಿ ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಅವರ ಚಿತ್ರಗಳು ಮತ್ತೆ ಬೆಳಕು ಕಂಡವು. ರಸಿಕರು ಎದ್ದು ನಿಂತರು. ಬರಿದಾದ ಮಂದಿರಗಳಲ್ಲಿ ಓಡಿದ್ದ ‘ಕಾಗಜ್ ಕೇ ಫೂಲ್’ ಇಂದು ಚಲಚ್ಚಿತ್ರವಿದ್ಯೆಯನ್ನು ಕಲಿಯುವವರು ಅವಶ್ಯವಾಗಿ ನೋಡುವ ಚಿತ್ರವಾಗಿದೆ. ೨೦೦೪ರಲ್ಲಿ ಭಾರತ ಸರಕಾರವು ಅವರ ಹೆಸರಿನಲ್ಲಿ ಅಂಚೆಚೀಟಿಯನ್ನು ಹೊರಡಿಸಿತು. ಮೂರ್ತಿಗಳು ಮಾತ್ರ ದೀರ್ಘಾಯುಗಳಾಗಿದ್ದು ಮನ್ನಣೆಯನ್ನು ಕಣ್ಣಾರೆ ಕಂಡರು. ಹಿಂದೀ ಚಿತ್ರಗಳಲ್ಲಿ ಬಾಳನ್ನೆಲ್ಲ ಕಳೆದ ಅವರು ತ್ರಿವೇಣಿಯವರ ಕಾದಂಬರಿಯನ್ನಾಧರಿಸಿದ ‘ಹೂವು ಹಣ್ಣು’ ಎಂಬ ಕನ್ನಡ ಚಿತ್ರಕ್ಕೆ ೧೯೯೩ರಲ್ಲಿ ಛಾಯಾಗ್ರಹಣ ಮಾಡಿದರು. ೨೦೦೮ನೆಯ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತುದು ಅದೇ ಮೊದಲು. ೨೦೧೪ರ ಏಪ್ರಿಲಿನಲ್ಲಿ ತೊಂಬತ್ತರ ವಯಸ್ಸಿನಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. ಗುರುದತ್ತರಿಗೆ ಆ ಆಯುಸ್ಸು ಇದ್ದಿದ್ದರೆ, ಅವರೂ ತಮ್ಮ ಸ್ಮಾರಕಸಭೆಯ ಬಾಗ್ಲಲ್ಲಿ ಬಂದು ನಿಲ್ಲಬಹುದಿತ್ತು.

ಗುರುದತ್ತರು ನನಗೇಕೆ ಪ್ರಿಯರೆಂದರೆ, ಅವರು ದೊಡ್ಡ ಚಿತ್ರಗಳನ್ನು ಮಾಡಿದರೆಂದಷ್ಟೇ ಅಲ್ಲ. ಪ್ರೇಕ್ಷಕನಾದ ನನ್ನನ್ನು ಅವರು ಸುಮ್ಮನೆ ಕುಳಿತಿರಲು ಬಿಡುವುದಿಲ್ಲ. ಆ ಸ್ಮಾರಕಸಭೆಯಲ್ಲಿ ಕಿಕ್ಕಿರಿದು ಕುಳಿತ ಜನ ಯಾರು? ನಾವೇ. ಬದುಕಿದ್ದಾಗ ಬೆನ್ನು ತಿರುಗಿಸಿ, ಸತ್ತ ಮೇಲೆ ಹಾರ ತರುವವರು ನಾವೇ. ನಾವು ವಾರ್ಷಿಕೋತ್ಸವಗಳನ್ನು ಆಚರಿಸುತ್ತೇವೆ, ಸಂಚಿಕೆಗಳನ್ನು ಹೊರಡಿಸುತ್ತೇವೆ, ಹಿರಿಯರ ಭಾವಚಿತ್ರಗಳಿಗೆ ಹೂ ಏರಿಸುತ್ತೇವೆ. ಇದೆಲ್ಲವೂ ಬೇಕು. ಆದರೆ ನಮ್ಮೀ ಗಡಿನಾಡಿನಲ್ಲಿ ಇಂದಿಗೂ ಮಕ್ಕಳ ಸಂಖ್ಯೆ ಕುಗ್ಗುತ್ತಿರುವ ಕನ್ನಡ ತರಗತಿಯಲ್ಲಿ ನಿಂತು ಪಾಠ ಹೇಳುವ ಮಾಸ್ತರರು ಇದ್ದಾರೆ. ಯಾರೂ ಅಚ್ಚುಮಾಡದ ಕವಿತೆಗಳನ್ನು ನೋಟುಪುಸ್ತಕದಲ್ಲಿ ಬರೆದಿಡುವ ಗೃಹಿಣಿಯರು ಇದ್ದಾರೆ. ರಾತ್ರಿಯಿಡೀ ವೇಷ ಕಟ್ಟಿ ಬೆಳಗ್ಗೆ ಬಸ್ಸಿಗೆ ಕಾಯುವ ಯಕ್ಷಗಾನ ಕಲಾವಿದರು ಇದ್ದಾರೆ. ಅವರು ಬಾಗಿಲಲ್ಲಿ ನಿಂತಿದ್ದಾರೆ, ಮುಖ ಕತ್ತಲಲ್ಲಿದೆ.

ಅವರ ಮುಖದ ಮೇಲೆ ಬೆಳಕು ಹಾಯಿಸಲು ಮೂರ್ತಿಗಳಷ್ಟು ದೊಡ್ಡ ಕನ್ನಡಿ ಬೇಕಾಗಿಲ್ಲ. ಒಬ್ಬರ ಕವಿತೆಯನ್ನು ಓದಿ ಎರಡು ಮಾತು ಹೇಳಿದರೆ, ಒಬ್ಬರ ತರಗತಿಗೆ ನಮ್ಮ ಮನೆಯ ಮಗುವನ್ನು ಕಳುಹಿಸಿದರೆ, ಒಬ್ಬರ ಆಟವನ್ನು ಮುಗಿಯುವವರೆಗೂ ಕುಳಿತು ನೋಡಿದರೆ ಸಾಕು. ಬೆಂಗಳೂರಿನಲ್ಲಿ ಹುಟ್ಟಿ, ಕಲಕತ್ತೆಯಲ್ಲಿ ಬೆಳೆದು, ಮುಂಬಯಿಯಲ್ಲಿ ನೊಂದು ಬೆಂದು, ಕನ್ನಡ ತಾಯಿಯೊಬ್ಬಳ ಪುಸ್ತಕದಲ್ಲಿ ನಮ್ಮ ಬಳಿಗೆ ಮರಳಿ ಬಂದ ಆ ಚಿತ್ರಕವಿಗೆ ನಾವು ಸಲ್ಲಿಸಬಹುದಾದ ನಿಜವಾದ ಶ್ರದ್ಧಾಂಜಲಿ ಅದೇ.